ಮಾಡೆಲ್ ಆಮೇಲೆ, ಮೊದ್ಲು ಲೆಕ್ಕ ಸರಿಯಾಗಿ ಬರೀಲಿ

ಮುಂದಿನ ಸಲ ಪ್ಯಾಂಡೆಮಿಕ್ ಬಂದ್ರೆ ಎಐ ಎಲ್ಲಾ ನೋಡ್ಕೊಳ್ಳುತ್ತೆ ಬಿಡಿ ಅನ್ನೋರು ಈಗ ಜಾಸ್ತಿ ಆಗಿದಾರೆ. ನನಗೆ ಈ ಮಾತು ಕೇಳಿದ್ರೆ ಭಯ ಆಗುತ್ತೆ, ಯಾಕೆ ಅಂತ ಹೇಳ್ತೀನಿ ಕೇಳಿ.

ಕೋವಿಡ್ ಶುರುವಾದಾಗ ಎದೆ ಎಕ್ಸ್‌ರೇ, ಸಿಟಿ ಸ್ಕ್ಯಾನ್ ನೋಡಿ ಕಾಯಿಲೆ ಇದೆಯಾ ಇಲ್ವಾ ಅಂತ ಹೇಳೋ ಎಐ ಮಾಡೆಲ್‌ಗಳು, ಅಂದ್ರೆ ಡೇಟಾ ನೋಡಿ ಕಲಿಯೋ ಪ್ರೋಗ್ರಾಂಗಳು, ರಾಶಿ ರಾಶಿ ಬಂದ್ವು. 2021ರಲ್ಲಿ ಕೇಂಬ್ರಿಡ್ಜ್‌ನ ಸಂಶೋಧಕರು ಇಂಥ ಮಾಡೆಲ್‌ಗಳ ಬಗ್ಗೆ ಬಂದ 2,212 ಸಂಶೋಧನಾ ಪೇಪರ್‌ಗಳನ್ನ ಸೋಸಿ, ಕೊನೆಗೆ ಉಳಿದ 62ನ್ನ ಕೂತು ಪರೀಕ್ಷೆ ಮಾಡಿದ್ರು, ಆಸ್ಪತ್ರೇಲಿ ಬಳಸಬಹುದಾದ್ದು ಒಂದೂ ಸಿಗ್ಲಿಲ್ಲ. ಒಂದೂ ಅಂದ್ರೆ ಒಂದೂ ಇಲ್ಲ! ಮಾಡೆಲ್ ಮಾಡಿದ ಕೆಲವರು ಏನ್ ಮಾಡಿದ್ರು ಗೊತ್ತಾ, ಕೋವಿಡ್ ಇಲ್ಲದೇ ಇರೋರ ಎಕ್ಸ್‌ರೇ ಬೇಕು ಅಂತ 1ರಿಂದ 5 ವರ್ಷದ ಮಕ್ಕಳ ಎಕ್ಸ್‌ರೇ ಹಾಕ್ಬಿಟ್ರು, ಕೋವಿಡ್ ಇರೋರೆಲ್ಲ ದೊಡ್ಡವರು, ಹಾಗಾದ್ರೆ ಮಷೀನ್ ಕಲಿಯೋದೇನು, ಇದು ಮಗು ಇದು ದೊಡ್ಡವರು ಅನ್ನೋದನ್ನೇ ತಾನೆ? ಮಾರ್ಕ್ಸ್ ಮಾತ್ರ ಭರ್ಜರಿಯಾಗಿ ಬರುತ್ತೆ.

ಇನ್ನೊಂದು ಕೇಳಿ. ಇಂಗ್ಲೆಂಡ್‌ನಲ್ಲಿ 2020ರ ಸೆಪ್ಟೆಂಬರ್ 25ರಿಂದ ಅಕ್ಟೋಬರ್ 2ರ ನಡುವೆ 15,841 ಪಾಸಿಟಿವ್ ಕೇಸ್‌ಗಳು ದಿನದ ಲೆಕ್ಕದಿಂದ ಬಿಟ್ಟೋದ್ವು. ಕಾರಣ, ಹಳೇ ಎಕ್ಸೆಲ್ ಫೈಲ್‌ನಲ್ಲಿ 65,536 ಸಾಲಿಗಿಂತ ಹೆಚ್ಚು ಹಿಡಿಯಲ್ಲ, ಮಿಕ್ಕಿದ್ದು ಸದ್ದಿಲ್ಲದೆ ಕಟ್ ಆಯ್ತು, ಆ ಸೋಂಕಿತರ ಜೊತೆ ಇದ್ದೋರನ್ನ ಹುಡುಕೋ ಕೆಲಸ ಅಷ್ಟು ದಿನ ತಡ ಆಯ್ತು, ಅವರು ಏನೂ ಗೊತ್ತಿಲ್ಲದೆ ಓಡಾಡ್ಕೊಂಡಿದ್ರು. ಇದಕ್ಕೆ ಯಾವ ಎಐ ಏನ್ ಮಾಡುತ್ತೆ ಹೇಳಿ?

ಹಾಗಂತ ಈ ತಂತ್ರಜ್ಞಾನನೇ ಬೇಡ ಅಂತಿಲ್ಲ ನಾನು. ಬ್ಲೂಡಾಟ್ ಅನ್ನೋ ಕಂಪನಿಯ ಸಿಸ್ಟಮ್ 2019ರ ಡಿಸೆಂಬರ್ 31ಕ್ಕೇ ವುಹಾನ್‌ನ ನ್ಯುಮೋನಿಯಾ ಬಗ್ಗೆ ಎಚ್ಚರಿಸಿತ್ತು, ವಿಮಾನ ಟಿಕೆಟ್ ಡೇಟಾ ನೋಡಿ ಬ್ಯಾಂಕಾಕ್‌ನಂಥ ಊರುಗಳಿಗೆ ಹರಡಬಹುದು ಅಂತಾನೂ ಹೇಳ್ತು, ಚೀನಾದ ಹೊರಗೆ ಮೊದಲ ಕೇಸ್ ಪತ್ತೆಯಾಗಿದ್ದು ಥೈಲ್ಯಾಂಡ್‌ನಲ್ಲೇ. ಅದ್ಭುತ ಕೆಲಸ. ಆದ್ರೆ ಅದು ಓದಿದ್ದು ಅಲ್ಲಿಯ ಭಾಷೇಲಿ ಯಾರೋ ಬರೆದ ಸುದ್ದೀನ! ಆ ಸುದ್ದೀನೇ ಬರದೇ ಇದ್ದಿದ್ರೆ?

2020, 2021 ಎರಡು ವರ್ಷಕ್ಕೆ ಅಧಿಕೃತವಾಗಿ ವರದಿಯಾದ ಕೋವಿಡ್ ಸಾವು ಸುಮಾರು 54 ಲಕ್ಷ, ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದ ಹೆಚ್ಚುವರಿ ಸಾವು, ಅಂದ್ರೆ ಮಾಮೂಲಿಯಾಗಿ ಆಗ್ತಿದ್ದಕ್ಕಿಂತ ಜಾಸ್ತಿ ಆದ ಸಾವು, ಸುಮಾರು 1 ಕೋಟಿ 49 ಲಕ್ಷ. ಜಗತ್ತಿನ ಎಷ್ಟೋ ಕಡೆ ಸತ್ತೋರ ಲೆಕ್ಕನೇ ಸರಿಯಾಗಿ ಬರಿಯಲ್ಲ. ಸರ್ಕಾರಗಳು ಎಐಗೆ ದುಡ್ಡು ಹಾಕ್ಲಿ, ಬೇಡ ಅನ್ನಲ್ಲ, ಆದ್ರೆ ಮೊದಲ ಕಂತು ಮರಣ ನೋಂದಣಿಗೆ, ಲ್ಯಾಬ್‌ಗಳಿಗೆ, ಡೇಟಾ ಎಂಟ್ರಿ ಮಾಡೋರ ಸಂಬಳಕ್ಕೆ ಹೋಗ್ಬೇಕು, ಅದೂ ಕಾಯಿಲೆ ಬಂದ್ಮೇಲೆ ಅಲ್ಲ, ಈಗ್ಲೇ.