ತೀರ್ಮಾನ ನಿಮ್ಮ ಕೈಲೇ ಇರ್ಲಿ

ಎಲ್ಲರಿಗೂ ನಮಸ್ಕಾರ. ಬೀರು ಒಳಗೆ ಪ್ಲಾಸ್ಟಿಕ್ ಕವರಲ್ಲಿ ಸುತ್ತಿ ಕೇಸಿನ ಕಾಗದ ಇಟ್ಕೊಂಡಿರೋ ಮನೆಗಳು ಈ ಹೊತ್ತು ರೇಡಿಯೋ ಕೇಳ್ತಿರೋರಲ್ಲಿ ಬೇಕಾದಷ್ಟಿವೆ, ನಾನು ಮಾತಾಡ್ತಿರೋದು ಆ ಮನೆಯೋರ ಹತ್ರ. ಪಾಲಿನ ಕೇಸು, ದಾರಿ ಕೇಸು, ಬಾಡಿಗೆ, ಚೆಕ್ ಬೌನ್ಸು, ಗಂಡ ಹೆಂಡ್ತಿ ಜೀವನಾಂಶ, ಯಾವುದಾದ್ರೂ ಆಗ್ಲಿ. ಹೇಳೋದು ಒಂದೇ ಮಾತು. ಕೋರ್ಟಲ್ಲಿ ತೀರ್ಮಾನ ಜಡ್ಜ್ ಕೈಲಿರುತ್ತೆ, ಮೀಡಿಯೇಷನ್‌ನಲ್ಲಿ, ಅಂದ್ರೆ ಇಬ್ಬರೂ ಕೂತು ಮಾತಾಡಿ ರಾಜಿ ಆಗೋದ್ರಲ್ಲಿ, ನಿಮ್ಮ ಕೈಲಿರುತ್ತೆ.

ಕೇಸು ಹಾಕಿ ಆಗೋಗಿದೆ, ಇನ್ನೇನು ರಾಜಿ ಅಂತಾರೆ ಜನ. ಹಾಗೇನಿಲ್ಲ ಸ್ವಾಮಿ. ಸಿವಿಲ್ ಪ್ರೊಸೀಜರ್ ಕೋಡ್‌ನ 89ನೇ ಸೆಕ್ಷನ್ ಪ್ರಕಾರ ನಡೀತಿರೋ ಕೇಸನ್ನೇ ಜಡ್ಜು ಮೀಡಿಯೇಷನ್‌ಗೆ ಕಳಿಸಬಹುದು. ಬೆಂಗಳೂರಲ್ಲಿ ಹೈಕೋರ್ಟ್ 2007ರಲ್ಲೇ ನ್ಯಾಯ ದೇಗುಲ ಕಟ್ಟಡದಲ್ಲಿ ಮೀಡಿಯೇಷನ್ ಸೆಂಟರ್ ಶುರು ಮಾಡ್ತು, ಈಗ ಜಿಲ್ಲೆಗಳಲ್ಲೂ ಇವೆ. ಅಲ್ಲಿ ಕಟಕಟೆ ಇಲ್ಲ. ಒಂದು ಮೇಜು, ನೀವು, ಎದುರು ಪಾರ್ಟಿ, ಇಬ್ಬರ ವಕೀಲರು, ಜೊತೆಗೆ ಟ್ರೈನಿಂಗ್ ಆಗಿರೋ ಒಬ್ಬ ಮೀಡಿಯೇಟರ್. ಅವರು ತೀರ್ಪು ಕೊಡಲ್ಲ, ಬೇಕಾದ್ರೆ ನಿಮ್ಮನ್ನ ಒಬ್ಬೊಬ್ಬರನ್ನೇ ಕೂರಿಸ್ಕೊಂಡು ಕೇಳ್ತಾರೆ, ನೀವು ಹೇಳಿದ್ದು ಜಡ್ಜ್ ಕಿವಿಗೂ ಬೀಳಲ್ಲ. ರಾಜಿ ಆಗ್ಲಿಲ್ವಾ, ಕೇಸು ಎಲ್ಲಿತ್ತೋ ಅಲ್ಲಿಂದಲೇ ಮುಂದುವರಿಯುತ್ತೆ, ನಿಮಗೇನೂ ನಷ್ಟ ಇಲ್ಲ.

ನಾನು ಮೀಡಿಯೇಟರ್ ಆಗಿ ಕೂತಿದ್ದ ಒಂದು ಕೇಸಿನ ಕಥೆ ಹೇಳ್ತೀನಿ, ಊರು ಹೆಸರು ಹೇಳೋ ಹಾಗಿಲ್ಲ, ತೆಂಗಿನ ಸೀಮೆ ಅಂತಿಟ್ಕೊಳಿ. ಅಪ್ಪ ತೀರ್ಕೊಂಡ ಮೇಲೆ ಅಣ್ಣ ತಮ್ಮ ಪಾಲಿಗೆ ಕೇಸು ಹಾಕ್ಕೊಂಡಿದ್ರು, ವಾಯ್ದೆ ಮೇಲೆ ವಾಯ್ದೆ. ಎದುರಾಬದುರು ಕೂರಿಸಿ ಏನಪ್ಪಾ ತಕರಾರು ಅಂದ್ರೆ ಇಬ್ಬರೂ ಎಕರೆ ಗುಂಟೆ ಲೆಕ್ಕ ಹೇಳ್ತಾರೆ, ಹೇಳ್ತಾನೇ ಇದಾರೆ, ನೋಡಿದ್ರೆ ಲೆಕ್ಕದಲ್ಲಿ ಇಬ್ಬರಿಗೂ ಜಗಳವೇ ಇಲ್ಲ! ಅರ್ಧ ಅರ್ಧ ಅಂತ ಇಬ್ಬರೂ ಒಪ್ತಾರೆ. ಆಮೇಲೆ ತಮ್ಮನ್ನ ಒಬ್ಬನ್ನೇ ಕೂರಿಸ್ಕೊಂಡು ಕೇಳ್ದಾಗ ಮೊಬೈಲ್ ತೆಗೆದು ಒಂದು ಫೋಟೋ ತೋರಿಸ್ದ. ಬೋರ್‌ವೆಲ್ ಹತ್ರದ ಸ್ಟಾರ್ಟರ್ ಪೆಟ್ಟಿಗೆ, ಅದಕ್ಕೆ ಎರಡು ಬೀಗ. ಒಂದು ಅಣ್ಣಂದು, ಒಂದು ತಮ್ಮಂದು. ಬೋರು ಇರೋದು ಅಣ್ಣನ ಕಡೆಗೆ ಬರೋ ಜಾಗದಲ್ಲಿ. ತ್ರೀ ಫೇಸ್ ಕರೆಂಟು ಬರೋದು ರಾತ್ರಿ ಹೊತ್ತು, ಇಬ್ಬರೂ ಬ್ಯಾಟರಿ ಹಿಡ್ಕೊಂಡು ಹೋಗಿ ಇಬ್ಬರೂ ಬೀಗ ತೆಗೆದ್ರೇನೇ ಮೋಟ್ರು ಓಡೋದು, ಒಬ್ಬ ಬರ್ಲಿಲ್ಲ ಅಂದ್ರೆ ಎರಡೂ ಕಡೆ ಮರ ಒಣಗ್ತವೆ. ತೆಂಗಿನ ಎಳೇ ಹರಳು ಉದುರಿ ಹೋಗ್ತಿದೆ ಸಾರ್ ಅಂದ. ಅಣ್ಣನ್ನ ಕೇಳಿದ್ರೆ ನೀರು ಕೊಡೋಕೆ ನಂದೇನೂ ತಕರಾರಿಲ್ಲ, ಇವತ್ತು ನೀರು ಅಂತ ಬರೆದುಕೊಟ್ರೆ ನಾಳೆ ಬೋರ್ ಇರೋ ಜಾಗಾನೂ ನಂದು ಅಂತಾನೆ ಅನ್ನೋ ಭಯ ಸಾರ್ ಅಂತಾನೆ. ಇಷ್ಟೇ ವಿಷಯ! ಇದು ಕೇಸಿನ ಕಾಗದದಲ್ಲಿ ಎಲ್ಲೂ ಇರ್ಲಿಲ್ಲ.

ಅವರಿಗೊಬ್ಬ ಅಕ್ಕ ಇದ್ರು. ಊರ ಹಿರಿಯರು ಹಿಂದೆ ಒಂದ್ಸಲ ಪಂಚಾಯ್ತಿ ಮಾಡಿ ಪಾಲುಪಾರೀಕತ್ತು ಬರೆಸಿದ್ರಂತೆ, ಅದರಲ್ಲಿ ಅಕ್ಕನ ಸಹಿ ಇಲ್ಲ. ಹೆಣ್ಣುಮಕ್ಕಳಿಗೂ ಗಂಡುಮಕ್ಕಳಷ್ಟೇ ಹಕ್ಕು ಅಂತ ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರ ತಿದ್ದುಪಡಿ ಬಂದಿದೆ, 2020ರಲ್ಲಿ ಸುಪ್ರೀಂ ಕೋರ್ಟ್ ಇನ್ನೂ ಸ್ಪಷ್ಟ ಮಾಡಿದೆ, ಆದ್ರೂ ಅಕ್ಕನ್ನ ಕೇಳ್ದೆ ಪಾಲು ಮಾಡ್ತಾರಲ್ಲ ಜನ, ನನಗೆ ನಿಜವಾಗ್ಲೂ ಬೇಜಾರಾಗುತ್ತೆ. ಅವರನ್ನ ಕರೆಸಿದ್ವಿ. ನನಗೆ ಜಮೀನು ಬೇಡ, ನನ್ನ ಭಾಗಕ್ಕೆ ದುಡ್ಡು ಕೊಡ್ಲಿ, ಬೋರ್ ಜಾಗ ಮೂರು ಜನದ ಹೆಸರಲ್ಲೂ ಜಂಟಿಯಾಗೇ ಇರ್ಲಿ, ಆಗ ಯಾರೂ ಯಾರನ್ನೂ ಓಡಿಸೋಕೆ ಆಗಲ್ಲ ಅಂದ್ರು. ಮಿಕ್ಕಿದ್ದನ್ನ ಅವರವರೇ ಬರೆಸಿದ್ರು. ಮೂರು ರಾತ್ರಿ ಅಣ್ಣಂಗೆ, ಮೂರು ರಾತ್ರಿ ತಮ್ಮಂಗೆ, ಏಳನೇ ರಾತ್ರಿ ಒಂದು ವಾರ ಅವನಿಗೆ ಒಂದು ವಾರ ಇವನಿಗೆ. ಮೋಟ್ರು ಸುಟ್ರೆ ಖರ್ಚು ಅರ್ಧರ್ಧ. ಪೆಟ್ಟಿಗೆಗೆ ಒಂದೇ ಬೀಗ, ಕೀ ಎರಡು. ಹೇಳಿ ನೋಡೋಣ, ಯಾವ ಜಡ್ಜು ತೀರ್ಪಲ್ಲಿ ಕೀ ಎರಡು ಅಂತ ಬರೀತಾರೆ? ಅವರು ಪಾಲು ಎಷ್ಟು ಅಂತ ಹೇಳಬಹುದು, ನಿಮ್ಮ ತೋಟದ ರಾತ್ರಿ ಅವರಿಗೆ ಗೊತ್ತಿರಲ್ಲ, ನಿಮಗೆ ಗೊತ್ತು. ಅದಕ್ಕೇ ಹೇಳೋದು, ತೀರ್ಮಾನ ನಿಮ್ಮ ಕೈಲಿ ಇಟ್ಕೊಳಿ. ಆ ರಾಜಿ ಪತ್ರ ಕೋರ್ಟಿಗೆ ಹೋಗಿ ಡಿಕ್ರಿ, ಅಂದ್ರೆ ಕೋರ್ಟಿನ ಆದೇಶವೇ ಆಯ್ತು, ಕಟ್ಟೆ ಪಂಚಾಯ್ತಿ ಚೀಟಿ ಥರ ಅಲ್ಲ ಅದು, ಮನಸ್ಸಿಗೆ ಬಂದಂಗೆ ಮುರಿಯೋಕೆ ಬರಲ್ಲ.

ಟೈಮು ಕಮ್ಮಿ ಇದೆ, ಬೇಗ ಹೇಳ್ತೀನಿ. ಲೋಕ ಅದಾಲತ್ತಲ್ಲಿ ರಾಜಿ ಆದ್ರೂ ಅದು ಡಿಕ್ರಿನೇ, ಅಪೀಲು ಇಲ್ಲ, ಕಟ್ಟಿದ್ದ ಕೋರ್ಟ್ ಫೀ ವಾಪಸ್ ಬರುತ್ತೆ.

ಆರ್ಬಿಟ್ರೇಷನ್, ಅಂದ್ರೆ ಒಪ್ಪಂದದ ಪ್ರಕಾರ ಕೋರ್ಟಿನ ಬದಲು ಮಧ್ಯಸ್ಥರ ಮುಂದೆ ಕೇಸು ನಡೆಸೋದು, ಮಾತ್ರ ಬೇರೆ, ಇದನ್ನ ದಯವಿಟ್ಟು ಗಮನ ಇಟ್ಟು ಕೇಳಿ. ಅಲ್ಲಿ ಕೂತಿರೋರು ತೀರ್ಪೇ ಕೊಡ್ತಾರೆ, ಕೋರ್ಟ್ ಡಿಕ್ರಿ ಥರಾನೇ ಜಾರಿ ಮಾಡಬಹುದು, ಪ್ರಶ್ನೆ ಮಾಡೋಕೆ ಮೂರು ತಿಂಗಳೊಳಗೆ ಹೋಗ್ಬೇಕು, ಕಾರಣಗಳೂ ಬಹಳ ಕಮ್ಮಿ. ಫೈನಾನ್ಸಲ್ಲಿ ಗಾಡಿ ಸಾಲ ತಗೊಂಡಾಗ, ಬಿಲ್ಡರ್ ಹತ್ರ ಅಗ್ರಿಮೆಂಟ್ ಮಾಡ್ಕೊಂಡಾಗ ಸಣ್ಣಕ್ಷರದಲ್ಲಿ ಜಗಳ ಬಂದ್ರೆ ಆರ್ಬಿಟ್ರೇಷನ್‌ಗೇ ಹೋಗ್ಬೇಕು ಅನ್ನೋ ಷರತ್ತು ಇರುತ್ತೆ, ಸಹಿ ಹಾಕೋ ಮುಂಚೆ ಓದ್ಸಿ ಕೇಳಿ. ಆರ್ಬಿಟ್ರೇಟರ್ ನೋಟಿಸ್ ಬಂದ್ರೆ ಇದ್ಯಾವುದೋ ಕಂಪನಿ ಕಾಗದ ಅಂತ ಮೂಲೆಗೆ ಹಾಕ್ಬೇಡಿ, ನೀವು ಹೋಗ್ದೆ ಇದ್ರೂ ತೀರ್ಪು ಆಗುತ್ತೆ. ಸಾಲ ಕೊಟ್ಟೋರೇ ತಮ್ಮಿಷ್ಟದ ಆರ್ಬಿಟ್ರೇಟರ್‌ನ ಒಬ್ಬರೇ ನೇಮಿಸ್ಕೊಂಡಿದ್ರೆ ಆಕ್ಷೇಪಣೆ ಹಾಕಿ, ಹಾಗೆ ನೇಮಿಸೋ ಹಾಗಿಲ್ಲ ಅಂತ 2019ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ.

ಎಲ್ಲಿ ಹೋಗ್ಬೇಕು ಅಂತೀರಾ? ನಿಮ್ಮ ತಾಲೂಕು ಕೋರ್ಟ್ ಆವರಣದಲ್ಲೇ ಕಾನೂನು ಸೇವಾ ಸಮಿತಿ ಇದೆ, ಇಲ್ಲಾಂದ್ರೆ 15100ಕ್ಕೆ ಫೋನ್ ಮಾಡಿ. ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ ಆದಾಯ ಎಷ್ಟೇ ಇರ್ಲಿ ವಕೀಲರು ಉಚಿತ. ಕೇಸು ನಡೀತಿದ್ರೆ ಮುಂದಿನ ವಾಯ್ದೆ ದಿನ ನಿಮ್ಮ ವಕೀಲರಿಗೆ ಹೇಳಿ, ಸಾರ್ ಇದನ್ನ ಮೀಡಿಯೇಷನ್‌ಗೆ ಕಳಿಸೋಕೆ ಕೇಳಿ ಅಂತ. ಹೋಗೋವಾಗ ಪಹಣಿ ತಗೊಂಡು ಹೋಗಿ, ಅಕ್ಕತಂಗೀರನ್ನೂ ಕರ್ಕೊಂಡು ಹೋಗಿ. ನಮಸ್ಕಾರ.