ಕೊಡಗಿನ ಚಳಿಗೆ ಬೋನ್ಸಾಯ್ ನಿದ್ದೆ ಹೋಗುತ್ತದೆಯೇ?

[ದೃಶ್ಯ: ಮಂಜು ಕವಿದ ಜಗಲಿ. ಮೇಜಿನ ಮೇಲೆ ಕುಂಡದಲ್ಲಿ ಒಂದು ಬಸರಿ ಗಿಡ, ಪಕ್ಕದಲ್ಲಿ ಕತ್ತರಿ ಮತ್ತು ಅಲ್ಯೂಮಿನಿಯಂ ತಂತಿಯ ಸುರುಳಿ.]

ಎಲ್ಲರಿಗೂ ನಮಸ್ಕಾರ. ಸೋಮವಾರಪೇಟೆ ಕಡೆಯ ವೀಕ್ಷಕರೊಬ್ಬರು ಕೇಳಿದ ಪ್ರಶ್ನೆಯೊಂದು ಹಲವು ದಿನಗಳಿಂದ ನನ್ನ ತಲೆಯಲ್ಲಿ ಕುಳಿತಿದೆ. “ಹುತ್ತರಿ ಮುಗಿಯಿತು, ಚಳಿ ಹಿಡಿಯಿತು. ಬೋನ್ಸಾಯ್ ಕೊಂಬೆಗಳನ್ನು ಸವರುವುದಕ್ಕೂ, ಬಗ್ಗಿಸಿ ಆಕಾರ ಕೊಡಲು ತಂತಿ ಸುತ್ತುವುದಕ್ಕೂ ಚಳಿಗಾಲವೇ ಸರಿ ಎಂದು ಎಲ್ಲರೂ ಹೇಳುತ್ತಾರೆ. ನಮ್ಮಲ್ಲೂ ಹಾಗೆಯೇ ಮಾಡಬಹುದೇ?” ಎಂದು ಅವರು ಕೇಳಿದ್ದಾರೆ.

ಈ ಮಾತು ಹುಟ್ಟಿದ್ದು ಹಿಮ ಬೀಳುವ ಊರುಗಳಲ್ಲಿ. ಟೋಕಿಯೊ ನಗರದ ಬೋನ್ಸಾಯ್ ಕುಶಲಿಗರು 1923ರ ಭೂಕಂಪದ ನಂತರ ಅಲ್ಲಿಂದ ಹೊರಟು, 1925ರಲ್ಲಿ ಹತ್ತಿರದ ಓಮಿಯಾದಲ್ಲಿ ತಮ್ಮದೇ ಒಂದು ಹಳ್ಳಿ ಕಟ್ಟಿಕೊಂಡರು. ಅಲ್ಲಿನ ಚಳಿಗಾಲದ ರಾತ್ರಿಗಳಲ್ಲಿ ಉಷ್ಣಾಂಶ ಸೊನ್ನೆಗಿಂತ ಕೆಳಗಿಳಿಯುತ್ತದೆ. ಹಗಲು ಕಿರಿದಾಗುತ್ತಿದ್ದಂತೆ ಮೇಪಲ್ ಮರವು ಎಲೆಯಲ್ಲಿದ್ದ ಸತ್ವವನ್ನು ಹಿಂದಕ್ಕೆ ಎಳೆದುಕೊಂಡು, ಕಾಂಡದಲ್ಲೂ ಬೇರಿನಲ್ಲೂ ಪಿಷ್ಟವಾಗಿ ಕೂಡಿಟ್ಟು, ಎಲೆ ಉದುರಿಸಿ ನಿಲ್ಲುತ್ತದೆ. ಚಳಿಗಾಲದ ಕೊನೆಯಲ್ಲಿ ಕೊಂಬೆ ಸವರಿದರೆ ಆ ಸಂಗ್ರಹವೆಲ್ಲ ಉಳಿದ ಕೆಲವೇ ಮೊಗ್ಗುಗಳಿಗೆ ಸಿಗುತ್ತದೆ. ಎಲೆ ಇಲ್ಲದ ಮರದ ಅಸ್ಥಿಪಂಜರ ಕಣ್ಣಿಗೆ ನಿಚ್ಚಳವಾಗಿ ಕಾಣುತ್ತದೆ, ಕೊಂಬೆ ದಪ್ಪವಾಗದ ಕಾಲವಾದ್ದರಿಂದ ತಂತಿ ತೊಗಟೆಯನ್ನು ಕಚ್ಚುವುದಿಲ್ಲ.

ಆದರೆ ಅಂತಹ ಮರಗಳ ಮೊಗ್ಗಿನೊಳಗೆ ಒಂದು ಬೀಗವಿರುತ್ತದೆ, ಅದು ತೆರೆಯಲು ಸುಮಾರು 0ರಿಂದ 7 ಡಿಗ್ರಿಯ ಚಳಿ ವಾರಗಟ್ಟಲೆ ಬೇಕು. ಸಮುದ್ರ ಮಟ್ಟದಿಂದ ಸುಮಾರು 1,150 ಮೀಟರ್ ಎತ್ತರದ ಮಡಿಕೇರಿಯಲ್ಲಿ ಕೂಡ ಜನವರಿಯ ರಾತ್ರಿಗಳು ಹತ್ತು ಡಿಗ್ರಿಯ ಆಸುಪಾಸಿಗೆ ಬಂದರೆ ನಾವು ಕಂಬಳಿ ಹೊದೆಯುತ್ತೇವೆ. ನಮಗೆ ಚಳಿಯೆನಿಸುವುದು ಮೇಪಲ್ ಮರಕ್ಕೆ ಚಳಿಯೇ ಅಲ್ಲ.

ಹಾಗಾದರೆ ಕೊಡಗಿನಲ್ಲಿ ಗಿಡಗಳು ನಿದ್ದೆ ಹೋಗುವುದೇ ಇಲ್ಲವೇ? ಹೋಗುತ್ತವೆ, ಮತ್ತು ಅದು ನಮ್ಮೆಲ್ಲರ ಕಣ್ಣೆದುರಿಗೇ ಇದೆ. ಕಾಫಿ ಗಿಡದ ಹೂಮೊಗ್ಗುಗಳನ್ನು ನೋಡಿ. ಮಳೆ ಹಿಂದೆ ಸರಿದ ಮೇಲೆ ಅವು ಎಲೆಯ ಕಂಕುಳಲ್ಲಿ ಕೆಲವೇ ಮಿಲಿಮೀಟರ್ ಬೆಳೆದು, ಇದ್ದಕ್ಕಿದ್ದಂತೆ ನಿಂತುಬಿಡುತ್ತವೆ. ಅವುಗಳನ್ನು ಮಲಗಿಸುವುದು ಬಾಯಾರಿಕೆ. ಸೋಜಿಗವೇನೆಂದರೆ ಆ ಬಾಯಾರಿಕೆ ಇಲ್ಲದಿದ್ದರೆ ಅವು ಸರಿಯಾಗಿ ಏಳುವುದೂ ಇಲ್ಲ. ಬಿಡದೆ ನೀರು ಕುಡಿದ ಗಿಡದಲ್ಲಿ ಹೂವು ಅಲ್ಲೊಂದು ಇಲ್ಲೊಂದು ಅರಳುತ್ತದೆ, ವಾರಗಟ್ಟಲೆ ಒಣಗಿದ ಗಿಡಕ್ಕೆ ಫೆಬ್ರವರಿ–ಮಾರ್ಚ್‌ನಲ್ಲಿ ಒಂದು ಇಂಚು ಹೂಮಳೆ ಬಿದ್ದರೆ 8ರಿಂದ 10 ದಿನಗಳಲ್ಲಿ ಇಡೀ ಗುಡ್ಡ ಒಂದೇ ಬೆಳಗಿಗೆ ಬೆಳ್ಳಗಾಗುತ್ತದೆ. ಮಳೆಮಾಪಕದ ಮುಂದೆ ಬೆಳಗ್ಗೆ ನಿಂತು ಸೆಂಟ್ಸ್ (ಇಂಚಿನ ನೂರನೇ ಒಂದು ಭಾಗ) ಲೆಕ್ಕ ಹಾಕುವ ಪ್ರತಿ ಬೆಳೆಗಾರರೂ ಈ ನಿದ್ದೆ ಮುರಿಯುವ ಹೊತ್ತನ್ನೇ ಕಾಯುತ್ತಿರುತ್ತಾರೆ. ನನಗೆ ಇದಕ್ಕಿಂತ ಚಂದದ ಸಸ್ಯಶಾಸ್ತ್ರದ ಪಾಠ ಬೇರೆಲ್ಲೂ ಸಿಕ್ಕಿಲ್ಲ.

ನಮ್ಮ ಅರಳಿ, ಬಸರಿ ಮರಗಳೂ ಒಣ ತಿಂಗಳುಗಳಲ್ಲಿ ಎಲೆ ಉದುರಿಸಿ, ಸೆಕೆ ಏರುವ ಹೊತ್ತಿಗೆ ಕೆಂಪು ಚಿಗುರು ತೊಡುತ್ತವೆ. ಆದರೆ ಅದೇ ಬಸರಿ ಜಗಲಿಯ ಕುಂಡದಲ್ಲಿದ್ದರೆ ನಾವು ದಿನವೂ ನೀರು ಹಾಕುತ್ತೇವೆ, ಅದಕ್ಕೆ ಬಾಯಾರುವುದೇ ಇಲ್ಲ. ತೋಟದ ಬಸರಿ ಮಲಗಿರುವಾಗ ಕುಂಡದ ಬಸರಿ ಎಚ್ಚರವಾಗಿರಬಹುದು, ಅರೆನಿದ್ದೆಯಲ್ಲೂ ಇರಬಹುದು. ಆದ್ದರಿಂದ ಕ್ಯಾಲೆಂಡರ್ ಬದಿಗಿಟ್ಟು ಮೊಗ್ಗನ್ನು ನೋಡಬೇಕು.

[ದೃಶ್ಯ: ಕೊಂಬೆಯ ತುದಿ, ತೀರಾ ಹತ್ತಿರದಿಂದ.]

ಈ ತುದಿಯಲ್ಲಿ ಭತ್ತದ ಕಾಳಿನಂತೆ ಚೂಪಾಗಿ ನಿಂತಿರುವುದು ಮೊಗ್ಗು, ಅದನ್ನು ಬಿಗಿಯಾಗಿ ಸುತ್ತಿಕೊಂಡಿರುವುದು ತೆಳುವಾದ ಒಂದು ಪೊರೆ. ಪೊರೆ ಬಿಗಿಯಾಗಿದ್ದು ಮೊಗ್ಗು ಹಲವು ವಾರ ಒಂದೇ ಗಾತ್ರದಲ್ಲಿದ್ದರೆ ಗಿಡ ವಿಶ್ರಾಂತಿಯಲ್ಲಿದೆ. ಮೊಗ್ಗು ಉಬ್ಬಿ, ಪೊರೆ ಸೀಳಿ, ಉಗುರು ತಾಗಿಸಿದರೆ ಕಳಚಿ ಬೀಳುವಂತಾದರೆ ರಸ ಏರುತ್ತಿದೆ ಎಂದರ್ಥ. ಅತ್ತಿ, ಬಸರಿ, ಗೋಳಿಯಂತಹ ಹಾಲು ಬರುವ ಗಿಡಗಳಲ್ಲಿ ದೊಡ್ಡ ಕೊಂಬೆ ಕತ್ತರಿಸಲು ನಾನು ಕಾಯುವುದು ಈ ಗಳಿಗೆಗೆ, ಏಕೆಂದರೆ ಡಿಸೆಂಬರಿನಲ್ಲಿ ಮಾಡಿದ ಗಾಯ ಸುಮ್ಮನೆ ತೆರೆದುಕೊಂಡಿರುತ್ತದೆ, ಚಿಗುರುವ ಕಾಲದ ಗಾಯಕ್ಕೆ ತೊಗಟೆ ಬೇಗ ಕೂಡಿಬರುತ್ತದೆ.

ತಂತಿಯ ವಿಷಯದಲ್ಲಿ ನನ್ನ ಅನುಭವವೊಂದನ್ನು ಹೇಳಲೇಬೇಕು. ಒಂದು ವರ್ಷ ಜೂನ್ ಮೊದಲ ವಾರದಲ್ಲಿ ಈ ಬಸರಿಗೆ ತಂತಿ ಸುತ್ತಿ, ಮಳೆಯ ಗಡಿಬಿಡಿಯಲ್ಲಿ ಮರೆತು, ಸೆಪ್ಟೆಂಬರಿನ ಕೈಲ್ ಮುಹೂರ್ತ ಹಬ್ಬದ ಹೊತ್ತಿಗೆ ನೋಡಿದರೆ ತಂತಿ ತೊಗಟೆಯೊಳಗೆ ಹುದುಗಿಹೋಗಿತ್ತು. ಇಲ್ಲಿ ಕಾಣುವ ಸುರುಳಿಯ ಗೆರೆ ಅದರದೇ, ವರ್ಷಗಳಾದರೂ ಮಾಸಿಲ್ಲ. ಕೊಂಬೆಯ ದಪ್ಪದ ಮೂರನೇ ಒಂದು ಭಾಗದಷ್ಟು ದಪ್ಪದ ತಂತಿಯನ್ನು ಕಾಂಡಕ್ಕೆ ಭದ್ರಪಡಿಸಿ, 45 ಡಿಗ್ರಿ ಓರೆಯಲ್ಲಿ ಸುತ್ತಿರಿ. ಬಗ್ಗಿಸುವಾಗ ತಂತಿಯ ಸುತ್ತು ಬಾಗಿನ ಹೊರಮೈಗೆ ಬರಲಿ, ಹೆಬ್ಬೆರಳಿನ ಆಸರೆ ಇರಲಿ. ಬೆಳೆಯುವ ಕಾಲದಲ್ಲಿ ವಾರಕ್ಕೊಮ್ಮೆ ಪರೀಕ್ಷಿಸಿ. ತೆಗೆಯುವಾಗ ಬಿಚ್ಚಲು ಹೋದರೆ ಕೊಂಬೆ ಮುರಿಯಬಹುದು, ತುಂಡು ತುಂಡಾಗಿ ಕತ್ತರಿಸಿಯೇ ತೆಗೆಯಿರಿ.

ಸಮಯ ಕಡಿಮೆ ಇರುವುದರಿಂದ ಉಳಿದದ್ದನ್ನು ಒಟ್ಟಿಗೆ ಹೇಳುತ್ತೇನೆ. ಜುನಿಪರ್ ಇರುವವರು ಡಿಸೆಂಬರ್–ಜನವರಿಯಲ್ಲಿ ತಂತಿ ಸುತ್ತಬಹುದು, ಅದರ ಬೆಳವಣಿಗೆ ಆಗ ನಿಧಾನ. ಹಾಲು ಒಸರುವ ಗಾಯವನ್ನು ಒದ್ದೆ ಬಟ್ಟೆಯಿಂದ ಒರೆಸಿ, ಒಸರುವುದು ನಿಂತ ಮೇಲೆ ತೋಟಕ್ಕೆಂದು ತಂದಿಟ್ಟಿರುವ ಬೋರ್ಡೊ ಮುಲಾಮನ್ನೇ (ಮೈಲುತುತ್ತ, ಸುಣ್ಣ ಬೆರೆಸಿದ ಲೇಪ) ತೆಳುವಾಗಿ ಹಚ್ಚಿ.

ಸೋಮವಾರಪೇಟೆಯವರೇ, ನಿಮ್ಮ ಗಿಡ ಬಸರಿ ಎಂದು ಬರೆದಿದ್ದೀರಿ. ಈ ತಿಂಗಳು ಒಣಗಿದ ಕಡ್ಡಿಗಳನ್ನಷ್ಟೇ ತೆಗೆಯಿರಿ, ಕತ್ತರಿಸಬೇಕೆಂದಿರುವ ಕೊಂಬೆಗೆ ಒಂದು ದಾರ ಕಟ್ಟಿ ಗುರುತು ಮಾಡಿಡಿ. ತುದಿಯ ಪೊರೆ ಕಳಚಿದ ದಿನ ಕತ್ತರಿ ಹಿಡಿಯಿರಿ.