ಜೂನ್ ತಿಂಗಳಲ್ಲಿ ತೂಕ ಎಷ್ಟಿತ್ತು?

ಕೇಳುಗರಿಗೆಲ್ಲ ನಮಸ್ಕಾರ. ಚಿಂತಾಮಣಿ, ಶಿಡ್ಲಘಟ್ಟ, ಬಾಗೇಪಲ್ಲಿ ಕಡೆ ಡೇರಿಗೆ ಹಾಲು ಹಾಕಿ ಬಂದು, ಮಕ್ಕಳ ಡಬ್ಬಿಗೆ ಚಿತ್ರಾನ್ನ ತುಂಬುತ್ತಾ ರೇಡಿಯೊ ಕೇಳ್ತಿರೋ ಅಮ್ಮಂದಿರೇ, ಇವತ್ತು ನಾನು ಮಾತಾಡೋದು ನಿಮ್ಮ ಜೊತೆಗೇ.

ಶಾಲೆಯ ನರ್ಸ್ ಅಂದರೆ ಮಂಡಿ ತರಚಿದರೆ ಪಟ್ಟಿ ಕಟ್ಟೋಳು, ಜ್ವರಕ್ಕೆ ಮಾತ್ರೆ ಕೊಡೋಳು ಅಂತ ತುಂಬಾ ಜನ ತಿಳಿದಿದ್ದಾರೆ. ಅದು ಸಣ್ಣ ಕೆಲಸ. ದೊಡ್ಡ ಕೆಲಸ ಬರೆದಿಡೋದು. ಯಾವ ಮಗು ಬಂತು, ಎಷ್ಟು ಹೊತ್ತಿಗೆ ಬಂತು, ಏನು ಹೇಳ್ತು, ತೂಕ ಎಷ್ಟು. ಬರೆದಿಡಬೇಕು.

ನಾನು ಶಾಲಾ ನರ್ಸ್ ಆಗಿದ್ದಾಗಿನ ಮಾತು. ಆರನೇ ಕ್ಲಾಸಿನ ಹುಡುಗಿ. ಅಪ್ಪ ರೇಷ್ಮೆ ನೂಲು ತೆಗೆಯೋ ಕೆಲಸದಲ್ಲಿದ್ದರು. "ಒಂದು ಪೀರಿಯಡ್‌ನಲ್ಲಿ ಎರಡು ಸಲ ಹೊರಗೆ ಹೋಗ್ತಾಳೆ, ಬರೀ ನೆಪ" ಅಂತ ಟೀಚರ್ ಗದರಿ, ಬಾಗಿಲ ಹತ್ತಿರ ನಿಲ್ಲಿಸಿದ್ದರಂತೆ. ಅಲ್ಲೇ ತಲೆಸುತ್ತಿ ಕೂತಳು, ನನ್ನ ರೂಮಿಗೆ ಕರ್ಕೊಂಡು ಬಂದರು. ನಾನು ಏನು ಮಾಡಿದೆ ಗೊತ್ತಾ? ಒಂದು ಲೋಟ ನೀರಿಗೆ ಗ್ಲೂಕೋಸ್ ಪುಡಿ ಕಲಸಿ ಕುಡಿಸಿ, ಕ್ಲಾಸಿಗೆ ಕಳಿಸಿದೆ. ಆ ಲೋಟ ನೆನೆಸಿಕೊಂಡರೆ ಇವತ್ತಿಗೂ ಎದೆ ಧಸಕ್ ಅನ್ನುತ್ತೆ.

ಮಾರನೇ ದಿನ ಮತ್ತೆ ಬಂದಳು. "ಸಿಸ್ಟರ್, ನೀರು" ಅಂದಳು. ಬರೆಯೋಕೆ ಅಂತ ಪುಸ್ತಕ ತೆಗೆದೆ. ಹಿಂದಿನ ಹತ್ತು ದಿನದಲ್ಲಿ ಅದೇ ಹೆಸರು ನಾಲ್ಕು ಸಲ. ಸುಸ್ತು, ಬಾಯಾರಿಕೆ, ಸುಸ್ತು, ಹೊಟ್ಟೆನೋವು. ಪುಟ ತಿರುಗಿಸಿದೆ. ಜೂನ್ ತಿಂಗಳಲ್ಲಿ ತೂಕ 31 ಕಿಲೋ. ತಕ್ಷಣ ತಕ್ಕಡಿ ಮೇಲೆ ನಿಲ್ಲಿಸಿದೆ. 27. ಬೆಳೆಯೋ ಮಗು ಮೂರು ತಿಂಗಳಲ್ಲಿ ನಾಲ್ಕು ಕಿಲೋ ಇಳಿದಿದೆ! ಬೆರಳು ಚುಚ್ಚಿ ರಕ್ತದಲ್ಲಿ ಸಕ್ಕರೆ ನೋಡಿದೆ, ತುಂಬಾ ಜಾಸ್ತಿ, 400 ದಾಟಿತ್ತು.

ಅಪ್ಪ ಓಡಿ ಬಂದರು. "ಮಳೆಗಾಲದ ಜ್ವರ ಬಂದು ಹೋದಮೇಲೆ ಇಳಿದುಹೋದಳು ಅಂದ್ಕೊಂಡಿದ್ವಿ ಮೇಡಂ. ಇಷ್ಟು ಚಿಕ್ಕ ಮಗೂಗೆ ಶುಗರ್ ಬರುತ್ತಾ?" ಬರುತ್ತೆ. ಟೈಪ್ ಒನ್ ಸಕ್ಕರೆ ಕಾಯಿಲೆ ಅಂತಾರೆ. ಸಿಹಿ ತಿಂದಿದ್ದಕ್ಕೆ ಬರೋದಲ್ಲ. ಸಕ್ಕರೆಯನ್ನ ಮೈಗೆ ಸೇರಿಸೋ ಇನ್ಸುಲಿನ್ ಮೈಯಲ್ಲಿ ತಯಾರಾಗೋದೇ ನಿಂತುಹೋಗುತ್ತೆ. ತಿಂದ ಅನ್ನ ಮೈಗೆ ಸೇರಲ್ಲ, ಸಕ್ಕರೆ ಮೂತ್ರದಲ್ಲಿ ಹೋಗುತ್ತೆ, ಜೊತೆಗೆ ನೀರೂ ಹೋಗುತ್ತೆ. ಅದಕ್ಕೇ ಆ ಬಾಯಾರಿಕೆ, ಅದಕ್ಕೇ ಹೊರಗೆ ಓಡೋದು. ಇನ್ನೂ ಬಿಟ್ಟಿದ್ದರೆ ವಾಂತಿ, ಏದುಸಿರು, ಆಮೇಲೆ ಪ್ರಜ್ಞೆ ತಪ್ಪೋದು. ಅವತ್ತೇ ಆಸ್ಪತ್ರೆಗೆ ಸೇರಿಸಿದರು, ಇನ್ಸುಲಿನ್ ಶುರುವಾಯ್ತು. ಹತ್ತನೇ ಕ್ಲಾಸ್ ಮುಗಿಯೋವರೆಗೂ ಮಧ್ಯಾಹ್ನ ಊಟಕ್ಕೆ ಮುಂಚೆ ನನ್ನ ರೂಮಿಗೆ ಬಂದು ತಾನೇ ಚುಚ್ಕೊಳ್ಳೋಳು.

ಆ ಮಗು ಉಳಿದದ್ದು ನನ್ನ ಬುದ್ಧಿವಂತಿಕೆಯಿಂದ ಅಲ್ಲ. ಜೂನ್ ತಿಂಗಳಲ್ಲಿ ಬರೆದಿದ್ದ ಒಂದು ಸಾಲಿನಿಂದ. ಬರೆದಿಡಬೇಕು ಅಂತ ನಾನು ಬಡ್ಕೊಳ್ಳೋದು ಇದಕ್ಕೇ.

ಹೊತ್ತಾಗ್ತಾ ಇದೆ. ನರ್ಸ್ ಆಗೋಕೆ ಬೇಕಾದ ಓದಿನ ವಿಚಾರ ಬೇಗ ಹೇಳ್ತೀನಿ. ಎಎನ್‌ಎಂ ಅಂದರೆ ಸಹಾಯಕ ನರ್ಸ್ ಕೋರ್ಸ್ ಎರಡು ವರ್ಷ, ಜಿಎನ್‌ಎಂ ಅಂದರೆ ಜನರಲ್ ನರ್ಸಿಂಗ್ ಡಿಪ್ಲೊಮಾ ಮೂರು ವರ್ಷ, ಬಿಎಸ್‌ಸಿ ನರ್ಸಿಂಗ್ ಡಿಗ್ರಿ ನಾಲ್ಕು ವರ್ಷ. ಓದಿದರೆ ಸಾಲದು, ರಾಜ್ಯ ನರ್ಸಿಂಗ್ ಕೌನ್ಸಿಲ್‌ನಲ್ಲಿ ಹೆಸರು ನೋಂದಾಯಿಸಿರಬೇಕು. ಆಡಳಿತ ಮಂಡಳಿಯವರೇ, ಆಫೀಸಿನ ಹುಡುಗಿಗೆ ಬಿಳಿ ಕೋಟು ಹಾಕಿಸಿ ನರ್ಸ್ ಅನ್ನಬೇಡಿ. ದಯವಿಟ್ಟು ಬೇಡ.

ಸರ್ಕಾರಿ ಶಾಲೆಗೆ ಮಕ್ಕಳ ಆರೋಗ್ಯ ತಪಾಸಣೆಗೆ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಬರುತ್ತಲ್ಲ ಅಂತೀರಿ. 2013ರಲ್ಲಿ ಶುರುವಾದ ಒಳ್ಳೇ ಕಾರ್ಯಕ್ರಮ ಅದು. ಆದರೆ ಶಾಲೆಗೆ ಬರೋದು ವರ್ಷಕ್ಕೊಂದು ಸಲ. ಆರರಿಂದ ಎಂಟನೇ ತರಗತಿಗೆ ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ 220 ದಿನ ಶಾಲೆ ನಡೀಬೇಕು. ಮಿಕ್ಕ ದಿನ ಬರೆದಿಡೋರು ಯಾರು? ನರ್ಸ್ ಇಲ್ಲದ ಕಡೆ ಕ್ಲಾಸ್ ಟೀಚರ್ ಆದರೂ ಮೂರು ತಿಂಗಳಿಗೊಮ್ಮೆ ತೂಕ ನೋಡಿ ಬರೀಲಿ.

ಫಿಟ್ಸ್ ಬಗ್ಗೆ ಹೇಳಬೇಕಿತ್ತು, ಒಂದೇ ಮಾತು: ಕೈಗೆ ಬೀಗದ ಕೈ ಕೊಡಬೇಡಿ, ಬಾಯಿಗೆ ಏನೂ ತುರುಕಬೇಡಿ, ಪಕ್ಕಕ್ಕೆ ಮಲಗಿಸಿ ಗಡಿಯಾರ ನೋಡಿ. ಐದು ನಿಮಿಷ ದಾಟಿದರೆ 108ಕ್ಕೆ ಫೋನ್ ಮಾಡಿ. ಎಷ್ಟು ಹೊತ್ತಿಗೆ ಶುರುವಾಯ್ತು ಅಂತ ಬರೆದಿಡಿ.

ಅಮ್ಮಂದಿರೇ, ನಾಳೆ ಮಗುವನ್ನ ಬಿಡೋಕೆ ಹೋದಾಗ ಶಾಲೆಯಲ್ಲಿ ಕೇಳಿ: "ನಮ್ಮ ಮಗು ಜೂನ್ ತಿಂಗಳಲ್ಲಿ ಎಷ್ಟು ತೂಕ ಇತ್ತು?" ನಮಸ್ಕಾರ.